ವೋಲ್ಟೇಜ್ ಮತ್ತು ಕರೆಂಟ್ ಗೊತ್ತಿದ್ದರೆ ರೆಸಿಸ್ಟೆನ್ಸ್, ಪವರ್ ಲೆಕ್ಕ ಹಾಕುವುದು ಹೇಗೆ?

ಒಂದು ಸರ್ಕ್ಯೂಟ್‌ನಲ್ಲಿ ವೋಲ್ಟೇಜ್ ಎಷ್ಟು, ಕರೆಂಟ್ ಎಷ್ಟು ಎಂಬ ಎರಡು ಸಂಖ್ಯೆಗಳು ಸಿಕ್ಕರೆ ಸಾಕು. ರೆಸಿಸ್ಟೆನ್ಸ್ ಮತ್ತು ಪವರ್ ಎರಡನ್ನೂ ಅವುಗಳಿಂದಲೇ ಕಂಡುಹಿಡಿಯಬಹುದು. ಬೇಕಾಗಿರುವುದು ಒಂದು ಭಾಗಾಕಾರ, ಒಂದು ಗುಣಾಕಾರ:

ರೆಸಿಸ್ಟೆನ್ಸ್ = ವೋಲ್ಟೇಜ್ ÷ ಕರೆಂಟ್
ಪವರ್ = ವೋಲ್ಟೇಜ್ × ಕರೆಂಟ್

ವೋಲ್ಟೇಜನ್ನು ವೋಲ್ಟ್‌ನಲ್ಲಿ, ಕರೆಂಟನ್ನು ಆಂಪಿಯರ್‌ನಲ್ಲಿ ಹಾಕಿದರೆ ರೆಸಿಸ್ಟೆನ್ಸ್ ಓಮ್‌ನಲ್ಲಿ, ಪವರ್ ವ್ಯಾಟ್‌ನಲ್ಲಿ ಬರುತ್ತದೆ. ಗಣಿತ ಇಲ್ಲಿಗೇ ಹೆಚ್ಚುಕಡಿಮೆ ಮುಗಿಯಿತು. ಹಾಗಿದ್ದರೂ ಎಷ್ಟೋ ಸಲ ಉತ್ತರ ತಪ್ಪಾಗಿರುತ್ತದೆ, ಯಾಕೆ? ಗುಣಿಸುವುದರಲ್ಲಿ ತಪ್ಪಾಗುವುದು ಅಪರೂಪ. ತಪ್ಪಾಗುವುದು ಆ ಎರಡು ಸಂಖ್ಯೆಗಳನ್ನು ಆರಿಸಿಕೊಳ್ಳುವುದರಲ್ಲಿ. ಎರಡೂ ಒಂದೇ ವಸ್ತುವಿನದ್ದಾಗಿರಬೇಕು, ಒಂದೇ ಹೊತ್ತಿನದ್ದಾಗಿರಬೇಕು, ವಸ್ತು ಒಂದೇ ಸ್ಥಿತಿಯಲ್ಲಿದ್ದಾಗ ಅಳೆದದ್ದಾಗಿರಬೇಕು. ಈ ಲೇಖನದ ಬಹುಪಾಲು ಅದರ ಬಗ್ಗೆಯೇ ಇದೆ.

ಒಂದರಲ್ಲಿ ಭಾಗಿಸುವುದು, ಇನ್ನೊಂದರಲ್ಲಿ ಗುಣಿಸುವುದು ಯಾಕೆ?

ಸೂತ್ರವನ್ನು ಬಾಯಿಪಾಠ ಮಾಡಿದರೆ ಪರೀಕ್ಷೆಯ ಹೊತ್ತಿಗೆ ತಲೆಕೆಳಗಾಗಿ ನೆನಪಾಗುವುದುಂಟು. ಅರ್ಥ ಗೊತ್ತಿದ್ದರೆ ಆ ಭಯವಿಲ್ಲ.

ಕರೆಂಟ್ ಅಂದರೆ ಒಂದು ಸೆಕೆಂಡಿನಲ್ಲಿ ಹರಿದುಹೋಗುವ ವಿದ್ಯುದಾವೇಶ. ಸೆಕೆಂಡಿಗೆ ಒಂದು ಕೂಲಂಬ್ ಹರಿದರೆ ಅದು ಒಂದು ಆಂಪಿಯರ್. ವೋಲ್ಟೇಜ್ ಅಂದರೆ ಹಾಗೆ ಹರಿಯುವ ಪ್ರತಿ ಕೂಲಂಬ್ ಬಿಟ್ಟುಕೊಡುವ ಶಕ್ತಿ. ಒಂದು ಕೂಲಂಬ್ ಒಂದು ಜೂಲ್ ಕೊಟ್ಟರೆ ಅದು ಒಂದು ವೋಲ್ಟ್. ಈಗ ಎರಡನ್ನೂ ಗುಣಿಸಿ ನೋಡಿ. ಒಂದು ಕೂಲಂಬ್‌ಗೆ ಇಷ್ಟು ಜೂಲ್, ಸೆಕೆಂಡಿಗೆ ಇಷ್ಟು ಕೂಲಂಬ್. ಕೂಲಂಬ್ ಹೊಡೆದುಹೋಗಿ ಸೆಕೆಂಡಿಗೆ ಇಷ್ಟು ಜೂಲ್ ಎಂದು ಉಳಿಯುತ್ತದೆ. ವ್ಯಾಟ್ ಅಂದರೆ ಅದೇ. ಹಾಗಾಗಿ ಪವರ್‌ಗೆ ಗುಣಾಕಾರ ಬಿಟ್ಟು ಬೇರೆ ದಾರಿಯೇ ಇಲ್ಲ.

ರೆಸಿಸ್ಟೆನ್ಸ್ ಕೇಳುವ ಪ್ರಶ್ನೆ ಬೇರೆ. ಈ ವಸ್ತುವಿನಲ್ಲಿ ಒಂದು ಆಂಪಿಯರ್ ಹರಿಸಲು ಎಷ್ಟು ವೋಲ್ಟ್ ಬೇಕು? ಒಂದು ಆಂಪಿಯರ್‌ಗೆ ಇಷ್ಟು ಎಂದು ಕೇಳಿದ ಮೇಲೆ ಭಾಗಿಸಲೇಬೇಕು ಅಲ್ವಾ? ಜಾಸ್ತಿ ವೋಲ್ಟ್ ಕೊಟ್ಟರೂ ಕಡಿಮೆ ಕರೆಂಟ್ ಹರಿದರೆ ರೆಸಿಸ್ಟೆನ್ಸ್ ಜಾಸ್ತಿ ಇದೆ ಎಂದರ್ಥ. ಸೂತ್ರ ತಿರುವುಮುರುವಾಯಿತೇನೋ ಎಂಬ ಅನುಮಾನ ಬಂದರೆ ಈ ಒಂದು ವಾಕ್ಯದಿಂದ ಪರೀಕ್ಷಿಸಿಕೊಳ್ಳಿ.

ಮೊದಲ ಹೆಜ್ಜೆ: ಮಿಲಿ, ಕಿಲೋಗಳನ್ನು ಸರಿಪಡಿಸಿ

ಮೀಟರ್ (ವೋಲ್ಟ್, ಆಂಪಿಯರ್, ಓಮ್ ಮೂರನ್ನೂ ಅಳೆಯುವ ಮಲ್ಟಿಮೀಟರ್) 20 ಎಂದು ತೋರಿಸುತ್ತಿದೆ. ಅದು 20 ಆಂಪಿಯರೋ, 20 ಮಿಲಿಆಂಪಿಯರೋ? ಇಲ್ಲಿ ಎಡವಿದರೆ ಉತ್ತರ ಸಾವಿರ ಪಟ್ಟು ತಪ್ಪುತ್ತದೆ. ಲೆಕ್ಕ ಶುರು ಮಾಡುವ ಮುಂಚೆಯೇ ಎಲ್ಲವನ್ನೂ ವೋಲ್ಟ್, ಆಂಪಿಯರ್‌ಗೆ ಬದಲಾಯಿಸಿಕೊಳ್ಳಿ. 20 ಮಿಲಿಆಂಪಿಯರ್ ಅಂದರೆ 0.020 ಆಂಪಿಯರ್. 5 ವೋಲ್ಟ್ ಅನ್ನು 0.020ರಿಂದ ಭಾಗಿಸಿದರೆ 250 ಓಮ್.

ಎಲೆಕ್ಟ್ರಾನಿಕ್ಸ್ ಕೆಲಸ ಮಾಡುವವರಿಗೆ ಒಂದು ಸುಲಭ ದಾರಿಯೂ ಇದೆ. ವೋಲ್ಟನ್ನು ಮಿಲಿಆಂಪಿಯರ್‌ನಿಂದ ನೇರವಾಗಿ ಭಾಗಿಸಿದರೆ ಉತ್ತರ ಕಿಲೋಓಮ್‌ನಲ್ಲಿ ಬರುತ್ತದೆ. 5 ಭಾಗಿಸು 20, ಅಂದರೆ 0.25 ಕಿಲೋಓಮ್. ಅದೇ 250 ಓಮ್. ಹಾಗೆಯೇ ವೋಲ್ಟನ್ನು ಮಿಲಿಆಂಪಿಯರ್‌ನಿಂದ ಗುಣಿಸಿದರೆ ಮಿಲಿವ್ಯಾಟ್ ಸಿಗುತ್ತದೆ.

ಎರಡನೇ ಹೆಜ್ಜೆ: ಅಳೆಯುವುದು

ಇಲ್ಲಿ ನಿಧಾನವಾಗಿ ಓದಿ. ಕಲಿಯುವವರು ಮೊದಲು 12 ವೋಲ್ಟ್ ಅಥವಾ ಅದಕ್ಕಿಂತ ಕಡಿಮೆಯ ಡಿಸಿ (ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟ್) ಸಪ್ಲೈ, ಸಣ್ಣ ಬ್ಯಾಟರಿಗಳ ಮೇಲೆ ಅಭ್ಯಾಸ ಮಾಡಬೇಕು. ಗೋಡೆಯ ಪ್ಲಗ್‌ನಿಂದ ಬರುವ ಎಸಿ (ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್) ಸಪ್ಲೈ ಜೀವ ತೆಗೆಯಬಲ್ಲದು. ಅದರಲ್ಲಿ ತಂತಿ ಬಿಚ್ಚಿ ಕರೆಂಟ್ ಅಳೆಯುವುದು ತರಬೇತಿ ಇಲ್ಲದವರು ಮಾಡುವ ಕೆಲಸವಲ್ಲ.

ವೋಲ್ಟೇಜ್ ಅಳೆಯಲು ಸರ್ಕ್ಯೂಟ್ ಕಡಿಯಬೇಕಾಗಿಲ್ಲ. ಮೀಟರನ್ನು ವೋಲ್ಟ್ ರೇಂಜ್‌ಗೆ ತಿರುಗಿಸಿ, ನಿಮಗೆ ಬೇಕಾದ ವಸ್ತುವಿನ ಎರಡು ತುದಿಗಳಿಗೆ ಪ್ರೋಬ್ ಮುಟ್ಟಿಸಿ. ಬೇಕಾದ ವಸ್ತುವಿನ ತುದಿಗಳಿಗೇ ಮುಟ್ಟಿಸಬೇಕು, ಸಪ್ಲೈ ತುದಿಗಳಿಗಲ್ಲ. ನಡುವೆ ಉದ್ದದ ವೈರ್ ಇದ್ದರೆ ಇವೆರಡರ ರೀಡಿಂಗ್ ಬೇರೆಬೇರೆ ಇರುತ್ತದೆ.

ಕರೆಂಟ್ ಅಳೆಯಲು ಸರ್ಕ್ಯೂಟನ್ನು ಒಂದು ಕಡೆ ಬಿಚ್ಚಬೇಕು. ಬಿಚ್ಚಿದ ಎರಡು ತುದಿಗಳ ನಡುವೆ ಮೀಟರ್ ಸೇರಿಸಬೇಕು. ಆಗ ಲೋಡ್‌ಗೆ, ಅಂದರೆ ಕರೆಂಟ್ ಬಳಸುವ ವಸ್ತುವಿಗೆ, ಹೋಗುವ ಕರೆಂಟ್ ಪೂರ್ತಿ ಮೀಟರ್ ಮೂಲಕವೇ ಹಾದುಹೋಗುತ್ತದೆ. ಕೆಂಪು ಪ್ರೋಬನ್ನು ಆಂಪಿಯರ್ ತೂತಿಗೆ ಬದಲಾಯಿಸಲು ಮರೆಯಬೇಡಿ. ಎಷ್ಟು ಕರೆಂಟ್ ಬರಬಹುದು ಎಂಬ ಅಂದಾಜಿಲ್ಲದಿದ್ದರೆ ದೊಡ್ಡ ರೇಂಜ್‌ನಿಂದಲೇ ಶುರು ಮಾಡಿ.

ಅಳತೆ ಮುಗಿದ ತಕ್ಷಣ ಆ ಪ್ರೋಬನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ. ಇದನ್ನು ಕೈಗೆ ಅಭ್ಯಾಸವಾಗುವಷ್ಟು ರೂಢಿ ಮಾಡಿಕೊಳ್ಳಬೇಕು. ಆಂಪಿಯರ್ ತೂತಿನಲ್ಲಿರುವಾಗ ಮೀಟರ್‌ನ ರೆಸಿಸ್ಟೆನ್ಸ್ ತೀರಾ ಕಡಿಮೆ. ಆ ಸ್ಥಿತಿಯಲ್ಲಿ ಪ್ರೋಬ್‌ಗಳನ್ನು ಬ್ಯಾಟರಿಯ ಎರಡು ತುದಿಗೆ ಮುಟ್ಟಿಸಿದರೆ ಅದು ಶಾರ್ಟ್ ಸರ್ಕ್ಯೂಟ್. ಅದೃಷ್ಟ ಚೆನ್ನಾಗಿದ್ದರೆ ಮೀಟರ್ ಒಳಗಿನ ಫ್ಯೂಸ್ ಮಾತ್ರ ಹೋಗುತ್ತದೆ. ಕೆಲವು ಅಗ್ಗದ ಮೀಟರ್‌ಗಳಲ್ಲಿ ದೊಡ್ಡ ಆಂಪಿಯರ್ ರೇಂಜ್‌ಗೆ ಫ್ಯೂಸೇ ಇರುವುದಿಲ್ಲ.

ತಂತಿ ಬಿಚ್ಚದೆ ಅಳೆಯಲು ಕ್ಲ್ಯಾಂಪ್ ಮೀಟರ್ ಇದೆ. ಅದರ ದವಡೆಯೊಳಗೆ ಒಂದೇ ತಂತಿ ಇರಬೇಕು. ಹೋಗುವ ತಂತಿ, ಬರುವ ತಂತಿ ಎರಡನ್ನೂ ಒಟ್ಟಿಗೆ ಹಿಡಿದರೆ ಅವುಗಳ ಕಾಂತಕ್ಷೇತ್ರ ಒಂದನ್ನೊಂದು ಅಳಿಸಿಹಾಕಿ ಮೀಟರ್ ಸೊನ್ನೆ ತೋರಿಸುತ್ತದೆ. ಸಾಮಾನ್ಯ ಕ್ಲ್ಯಾಂಪ್ ಮೀಟರ್‌ಗಳು ಎಸಿ ಮಾತ್ರ ಅಳೆಯುತ್ತವೆ. ಡಿಸಿಗೂ ಬೇಕಿದ್ದರೆ ಡಿಸಿ ಅಳೆಯುತ್ತದೆಯೇ ಎಂದು ನೋಡಿಕೊಂಡೇ ಕೊಳ್ಳಿ.

ವೋಲ್ಟೇಜನ್ನು ಲೋಡ್ ಓಡುತ್ತಿರುವಾಗಲೇ ಅಳೆಯಬೇಕು. ಸ್ವಿಚ್ ಆಫ್ ಇದ್ದಾಗ 12.6 ವೋಲ್ಟ್ ತೋರಿಸಿದ ಬ್ಯಾಟರಿ, ಲೋಡ್ ಹಾಕಿದ ಮೇಲೆ 12.1ಕ್ಕೆ ಇಳಿಯಬಹುದು. ಕರೆಂಟ್ ಹರಿಯುವಾಗಿನ ವೋಲ್ಟೇಜ್ 12.1. ಲೆಕ್ಕಕ್ಕೆ ಬೇಕಾದ್ದೂ ಅದೇ.

ಮೂರನೇ ಹೆಜ್ಜೆ: ಲೆಕ್ಕ ಮತ್ತು ತಾಳೆ

ಒಂದು ಸಣ್ಣ ಹೀಟರ್ ಕಾಯಿಲ್ ತೆಗೆದುಕೊಳ್ಳೋಣ. ಅದು ಓಡುತ್ತಿರುವಾಗ ತುದಿಗಳಲ್ಲಿ 12.1 ವೋಲ್ಟ್, ಹರಿಯುತ್ತಿರುವ ಕರೆಂಟ್ 2.15 ಆಂಪಿಯರ್.

ರೆಸಿಸ್ಟೆನ್ಸ್ = 12.1 ÷ 2.15 = 5.63 ಓಮ್
ಪವರ್ = 12.1 × 2.15 = 26.0 ವ್ಯಾಟ್

ಕ್ಯಾಲ್ಕುಲೇಟರ್ 5.627906 ಎಂದು ತೋರಿಸುತ್ತದೆ. ಅಷ್ಟೂ ಅಂಕಿಗಳನ್ನು ಬರೆದುಕೊಳ್ಳಬೇಡಿ. ಮೀಟರ್ ಮೂರು ಅಂಕಿ ಕೊಟ್ಟಿದೆ, ಉತ್ತರವೂ ಮೂರು ಅಂಕಿ ಇದ್ದರೆ ಸಾಕು. ವೋಲ್ಟೇಜ್ ರೀಡಿಂಗ್ ಶೇಕಡಾ 1ರಷ್ಟು, ಕರೆಂಟ್ ರೀಡಿಂಗ್ ಶೇಕಡಾ 2ರಷ್ಟು ಆಚೀಚೆ ಇರಬಹುದು ಎಂದುಕೊಳ್ಳಿ. ಆಗ ರೆಸಿಸ್ಟೆನ್ಸ್, ಪವರ್ ಎರಡೂ ಹೆಚ್ಚೆಂದರೆ ಸುಮಾರು ಶೇಕಡಾ 3ರಷ್ಟು ಆಚೀಚೆ ಆಗಬಹುದು. ಭಾಗಿಸಿದರೂ ಗುಣಿಸಿದರೂ ಶೇಕಡಾವಾರು ತಪ್ಪುಗಳು ಕೂಡಿಕೊಳ್ಳುತ್ತವೆ. 5.63 ಓಮ್ ಅಂದರೆ ನಿಜವಾಗಿ 5.46ರಿಂದ 5.80ರ ನಡುವೆ ಎಲ್ಲೋ ಇದೆ.

ಈಗ ತಾಳೆ ನೋಡುವ ಕೆಲಸ. ಮೇಲಿನ ಎರಡು ಸೂತ್ರಗಳನ್ನು ಸೇರಿಸಿದರೆ ಇನ್ನೆರಡು ಹುಟ್ಟುತ್ತವೆ:

ಪವರ್ = ಕರೆಂಟ್ × ಕರೆಂಟ್ × ರೆಸಿಸ್ಟೆನ್ಸ್
ಪವರ್ = ವೋಲ್ಟೇಜ್ × ವೋಲ್ಟೇಜ್ ÷ ರೆಸಿಸ್ಟೆನ್ಸ್

2.15 × 2.15 × 5.63 = 26.0. ಎರಡನೆಯದು, 12.1 × 12.1 ÷ 5.63 = 26.0. ಮೂರೂ ದಾರಿಯಲ್ಲಿ ಒಂದೇ ಉತ್ತರ ಬಂದರೆ ಲೆಕ್ಕದಲ್ಲಿ ತಪ್ಪಿಲ್ಲ. ಅಳತೆಯೇ ತಪ್ಪಿದ್ದರೆ ಮಾತ್ರ ಈ ತಾಳೆ ಅದನ್ನು ಹಿಡಿಯುವುದಿಲ್ಲ.

ಕರೆಂಟ್ ಎರಡು ಸಲ ಗುಣಿಸಿದ ಸೂತ್ರದ ಹಿಂದೆ ಜೇಮ್ಸ್ ಜೂಲ್ ಇದ್ದಾನೆ. ಲೋಹದ ತಂತಿಯಲ್ಲಿ ಹುಟ್ಟುವ ಶಾಖ ಕರೆಂಟ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಅವನು ಪ್ರಯೋಗ ಮಾಡಿ ಕಂಡುಕೊಂಡು 1841ರಲ್ಲಿ ಪ್ರಕಟಿಸಿದ. ಕರೆಂಟ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ವೈರಿಂಗ್ ಕೆಲಸದಲ್ಲಿ ಇಷ್ಟು ಉಪಯೋಗಕ್ಕೆ ಬರುವ ಸಂಗತಿ ಇನ್ನೊಂದಿಲ್ಲ ಎಂದೇ ನನ್ನ ಭಾವನೆ. ಮುಂದೆ ಇದಕ್ಕೆ ಮತ್ತೆ ಬರುತ್ತೇನೆ.

ಲೇಬಲ್ ಓದಿ ಲೆಕ್ಕ ಹಾಕುವುದು

ಪ್ರತಿಸಲ ಅಳೆಯಬೇಕಾಗಿಲ್ಲ. ಉಪಕರಣದ ಮೇಲೆ 230 ವೋಲ್ಟ್, 1000 ವ್ಯಾಟ್ ಎಂದು ಬರೆದಿದೆ ಎನ್ನಿ. ಕರೆಂಟ್ ಬೇಕಿದ್ದರೆ 1000 ÷ 230 = 4.35 ಆಂಪಿಯರ್. ರೆಸಿಸ್ಟೆನ್ಸ್ ಬೇಕಿದ್ದರೆ 230 × 230 ÷ 1000 = 52.9 ಓಮ್.

ಸಪ್ಲೈ 200 ವೋಲ್ಟ್‌ಗೆ ಇಳಿದರೆ ಈ ಹೀಟರ್ ಎಷ್ಟು ಪವರ್ ಕೊಡುತ್ತದೆ? 200 × 4.35 ಎಂದು ಗುಣಿಸಿ 870 ವ್ಯಾಟ್ ಎನ್ನುವವರು ಬಹಳ ಜನ. ಅದು ತಪ್ಪು. 4.35 ಆಂಪಿಯರ್ 230 ವೋಲ್ಟ್ ಇದ್ದಾಗಿನ ಕರೆಂಟ್. ವೋಲ್ಟೇಜ್ ಇಳಿದರೆ ಕರೆಂಟೂ ಇಳಿಯುತ್ತದೆ. ಬದಲಾಗದೆ ಉಳಿಯುವುದು ರೆಸಿಸ್ಟೆನ್ಸ್. ಅದನ್ನೇ ಹಿಡಿದುಕೊಂಡು ಲೆಕ್ಕ ಹಾಕಿದರೆ 200 × 200 ÷ 52.9 = 756 ವ್ಯಾಟ್. ವೋಲ್ಟೇಜ್ ಶೇಕಡಾ 13ರಷ್ಟು ಇಳಿದರೆ ಪವರ್ ಶೇಕಡಾ 24ರಷ್ಟು ಇಳಿಯಿತು. ವೋಲ್ಟೇಜ್ ಅರ್ಧಕ್ಕೆ ಇಳಿದರೆ ಪವರ್ ಕಾಲು ಭಾಗ.

ನಾನು ಹೇಳಿದ ಮೂರು ಷರತ್ತುಗಳಲ್ಲಿ ಒಂದು ಇಲ್ಲಿ ಮುರಿದದ್ದನ್ನು ಗಮನಿಸಿ. ವೋಲ್ಟೇಜ್ ಒಂದು ಹೊತ್ತಿನದು, ಕರೆಂಟ್ ಇನ್ನೊಂದು ಹೊತ್ತಿನದು. ಅವೆರಡನ್ನು ಗುಣಿಸಿದರೆ ಬರುವ ಸಂಖ್ಯೆಗೆ ಅರ್ಥವಿಲ್ಲ.

ರೆಸಿಸ್ಟೆನ್ಸ್ ಯಾವಾಗಲೂ ಬದಲಾಗದೆ ಇರುತ್ತದೆಯೇ?

ಹೀಟರ್‌ನಲ್ಲಿರುವ ನೈಕ್ರೋಮ್ ತಂತಿ ಬಿಸಿಯಾದರೂ ಅದರ ರೆಸಿಸ್ಟೆನ್ಸ್ ಹೆಚ್ಚೇನೂ ಬದಲಾಗುವುದಿಲ್ಲ. ಅದಕ್ಕೇ ಮೇಲಿನ ಲೆಕ್ಕ ನಡೆಯಿತು. ಫಿಲಮೆಂಟ್ ಬಲ್ಬ್‌ನ ಕಥೆ ಬೇರೆ.

230 ವೋಲ್ಟ್, 60 ವ್ಯಾಟ್‌ನ ಹಳೇ ಬಲ್ಬ್ ತೆಗೆದುಕೊಳ್ಳಿ. ಉರಿಯುವಾಗಿನ ರೆಸಿಸ್ಟೆನ್ಸ್ 230 × 230 ÷ 60, ಅಂದರೆ ಸುಮಾರು 880 ಓಮ್. ಅದೇ ಬಲ್ಬನ್ನು ಹೋಲ್ಡರ್‌ನಿಂದ ತೆಗೆದು, ತಣ್ಣಗಾದ ಮೇಲೆ ಮೀಟರ್‌ನ ಓಮ್ ರೇಂಜ್‌ನಲ್ಲಿ ನೋಡಿದರೆ 60ರಿಂದ 90 ಓಮ್‌ನ ಆಸುಪಾಸು ಬರುತ್ತದೆ. ಮೀಟರ್ ಕೆಟ್ಟಿಲ್ಲ, ಸೂತ್ರವೂ ಸುಳ್ಳಲ್ಲ. ಟಂಗ್‌ಸ್ಟನ್ ತಂತಿ ಉರಿಯುವ ಉಷ್ಣತೆಗೆ ಏರಿದಾಗ ಅದರ ರೆಸಿಸ್ಟೆನ್ಸ್ ಹತ್ತರಿಂದ ಹದಿನೈದು ಪಟ್ಟು ಏರುತ್ತದೆ. ಹಾಗಾಗಿ ಸ್ವಿಚ್ ಹಾಕಿದ ಮೊದಲ ಕ್ಷಣದಲ್ಲಿ, ತಂತಿ ಇನ್ನೂ ತಣ್ಣಗಿರುವಾಗ, 0.26 ಆಂಪಿಯರ್ ಬದಲು ಮೂರು ಆಂಪಿಯರ್‌ನಷ್ಟು ಹರಿಯುತ್ತದೆ. ಇಂಥ ಬಲ್ಬ್‌ಗಳು ಬಹುಮಟ್ಟಿಗೆ ಸ್ವಿಚ್ ಹಾಕಿದ ಕ್ಷಣದಲ್ಲೇ ಸುಟ್ಟುಹೋಗುವುದಕ್ಕೆ ಇದೂ ಒಂದು ಕಾರಣ.

ನಿಮ್ಮ ಕೈಯಲ್ಲಿರುವ ವಸ್ತು ಯಾವ ಜಾತಿಯದು ಎಂದು ತಿಳಿಯಲು ಮೂರು ಬೇರೆಬೇರೆ ವೋಲ್ಟೇಜ್ ಕೊಟ್ಟು ಮೂರು ಸಲ ಕರೆಂಟ್ ಅಳೆಯಿರಿ. 3 ವೋಲ್ಟ್‌ಗೆ 0.6 ಆಂಪಿಯರ್, 6ಕ್ಕೆ 1.2, 9ಕ್ಕೆ 1.8 ಬಂದರೆ ಮೂರರಲ್ಲೂ ಉತ್ತರ 5 ಓಮ್. ಅದು ಓಮ್ ನಿಯಮ (ವೋಲ್ಟೇಜ್ ಏರಿದಷ್ಟೇ ಪಟ್ಟು ಕರೆಂಟೂ ಏರುತ್ತದೆ ಎನ್ನುವುದು) ಪಾಲಿಸುವ ವಸ್ತು. ಭಾಗಿಸಿದ ಉತ್ತರ ಪ್ರತಿಸಲ ಬೇರೆ ಬಂದರೆ, ಯಾವ ವೋಲ್ಟೇಜ್‌ನಲ್ಲಿ ಅಳೆದಿರೋ ಆ ವೋಲ್ಟೇಜ್‌ಗೆ ಮಾತ್ರ ಆ ರೆಸಿಸ್ಟೆನ್ಸ್ ಸರಿ. ಬರೆದುಕೊಳ್ಳುವಾಗ ಅದನ್ನೂ ಪಕ್ಕದಲ್ಲಿ ಬರೆಯಿರಿ. ವೋಲ್ಟೇಜನ್ನು ಕರೆಂಟ್‌ನಿಂದ ಗುಣಿಸಿದರೆ ಪವರ್ ಎನ್ನುವುದು ಮಾತ್ರ ಎಲ್ಲ ವಸ್ತುಗಳಿಗೂ, ಯಾವ ಕ್ಷಣಕ್ಕೂ ನಿಜ.

ಗೇಯಾರ್ಗ್ ಓಮ್ ತನ್ನ ನಿಯಮವನ್ನು 1827ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಅದಕ್ಕೂ ಮೊದಲಿನ ಪ್ರಯೋಗಗಳಲ್ಲಿ ಅವನನ್ನು ಕಾಡಿದ್ದು ಅಂದಿನ ಬ್ಯಾಟರಿಗಳು. ಅಳೆಯುತ್ತಿರುವಾಗಲೇ ಅವುಗಳ ವೋಲ್ಟೇಜ್ ಬದಲಾಗುತ್ತಿತ್ತು. ಆಗ ಅವನು ಬ್ಯಾಟರಿ ಬಿಟ್ಟು, ಬಿಸ್ಮತ್ ಮತ್ತು ತಾಮ್ರ ಸೇರಿಸಿದ ಥರ್ಮೋಕಪಲ್ ಬಳಸಿದ, ಅಂದರೆ ಎರಡು ಲೋಹಗಳ ಜೋಡಣೆಗಳು ಬೇರೆಬೇರೆ ಉಷ್ಣತೆಯಲ್ಲಿದ್ದಾಗ ವೋಲ್ಟೇಜ್ ಕೊಡುವ ಸಾಧನ. ಒಂದು ಜೋಡಣೆ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ಎರಡರ ಉಷ್ಣತೆ ಬದಲಾಗದ ಕಾರಣ ವೋಲ್ಟೇಜ್ ಸ್ಥಿರವಾಗಿ ನಿಂತಿತು. ನಿಯಮ ಕಣ್ಣಿಗೆ ಕಂಡದ್ದು ಅದರ ನಂತರ. ಅಳತೆಯ ಸ್ಥಿತಿಯನ್ನು ಸ್ಥಿರವಾಗಿ ಇಟ್ಟುಕೊಳ್ಳುವುದು ಎಷ್ಟು ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಎಲ್‌ಇಡಿಗೆ ರೆಸಿಸ್ಟರ್ ಆರಿಸುವುದು

ಎಲೆಕ್ಟ್ರಾನಿಕ್ಸ್ ಕಲಿಯುವವರು ಮೊದಲು ಮಾಡುವ ಲೆಕ್ಕ ಇದು. 9 ವೋಲ್ಟ್ ಸಪ್ಲೈ, ಕೆಂಪು ಎಲ್‌ಇಡಿ, ಅದಕ್ಕೆ 15 ಮಿಲಿಆಂಪಿಯರ್ ಬೇಕು. ಸುಮ್ನೆ 9 ಭಾಗಿಸು 0.015 ಎಂದು ಹಾಕಿ 600 ಓಮ್ ಎನ್ನಬೇಡಿ. ಎಲ್‌ಇಡಿಯೇ ಸುಮಾರು 2 ವೋಲ್ಟ್ ಉಳಿಸಿಕೊಳ್ಳುತ್ತದೆ. ರೆಸಿಸ್ಟರ್ ತುದಿಗಳಲ್ಲಿ ಇರುವುದು ಉಳಿದ 7 ವೋಲ್ಟ್ ಮಾತ್ರ. ಹಾಗಾಗಿ 7 ÷ 0.015 = 467 ಓಮ್. ಸಿಗುವ ಬೆಲೆಗಳಲ್ಲಿ ಹತ್ತಿರದ್ದು 470 ಓಮ್. ಅದನ್ನು ಹಾಕಿದರೆ 7 ÷ 470, ಅಂದರೆ 14.9 ಮಿಲಿಆಂಪಿಯರ್ ಹರಿಯುತ್ತದೆ.

ಇಲ್ಲಿಗೆ ನಿಲ್ಲಿಸದೆ ಪವರ್ ಕೂಡ ನೋಡಬೇಕು. ರೆಸಿಸ್ಟರ್‌ನಲ್ಲಿ 7 × 0.0149 = 0.104 ವ್ಯಾಟ್. ಕಾಲು ವ್ಯಾಟ್‌ನ ರೆಸಿಸ್ಟರ್ ನಿಶ್ಚಿಂತೆಯಿಂದ ತಡೆದುಕೊಳ್ಳುತ್ತದೆ. ಲೆಕ್ಕಕ್ಕೆ ಬಂದ ಪವರ್‌ನ ಎರಡರಷ್ಟು ತಾಳುವ ರೆಸಿಸ್ಟರ್ ಹಾಕುವುದು ಒಳ್ಳೆಯ ಪದ್ಧತಿ.

ಓಮ್ ಸರಿಯಿದ್ದು ವ್ಯಾಟ್ ಮರೆತರೆ ಏನಾಗುತ್ತದೆ? 100 ಓಮ್‌ನ ಕಾಲು ವ್ಯಾಟ್ ರೆಸಿಸ್ಟರನ್ನು ನೇರವಾಗಿ 12 ವೋಲ್ಟ್‌ಗೆ ಜೋಡಿಸಿದರೆ ಅದರಲ್ಲಿ 12 × 12 ÷ 100 = 1.44 ವ್ಯಾಟ್ ಶಾಖ ಹುಟ್ಟುತ್ತದೆ. ತಾಳುವ ಮಿತಿಯ ಸುಮಾರು ಆರು ಪಟ್ಟು. ಬಣ್ಣ ಕಪ್ಪಾಗಿ ಹೊಗೆ ಬರುತ್ತದೆ. ಆ ರೆಸಿಸ್ಟರ್ ತಾಳುವುದು 5 ವೋಲ್ಟ್ ಮಾತ್ರ, ಏಕೆಂದರೆ 5 × 5 ÷ 100 ಅಂದರೆ ಸರಿಯಾಗಿ 0.25 ವ್ಯಾಟ್.

ತೀರಾ ಕಡಿಮೆ ರೆಸಿಸ್ಟೆನ್ಸ್: ವೈರ್ ಮತ್ತು ಲೂಸ್ ಕನೆಕ್ಷನ್

ಮೀಟರ್‌ನಲ್ಲೇ ಓಮ್ ರೇಂಜ್ ಇರುವಾಗ ವೋಲ್ಟೇಜ್, ಕರೆಂಟ್ ಅಳೆದು ಭಾಗಿಸುವ ಕಷ್ಟ ಯಾಕೆ ಎಂದು ಕೇಳಬಹುದು. ಈ ಭಾಗದಲ್ಲಿ ಅದಕ್ಕೆ ಉತ್ತರ ಸಿಗುತ್ತದೆ.

ಓಮ್ ರೇಂಜ್‌ನಲ್ಲಿ ಎರಡು ಪ್ರೋಬ್‌ಗಳನ್ನು ಒಂದಕ್ಕೊಂದು ಮುಟ್ಟಿಸಿ ನೋಡಿ. 0.1ರಿಂದ 0.3 ಓಮ್‌ನಷ್ಟು ತೋರಿಸುತ್ತದೆ. ಅದು ಪ್ರೋಬ್ ವೈರ್‌ಗಳ ರೆಸಿಸ್ಟೆನ್ಸ್. ಸಡಿಲವಾದ ಒಂದು ಕನೆಕ್ಷನ್‌ನ ರೆಸಿಸ್ಟೆನ್ಸ್ 0.05 ಓಮ್ ಇದ್ದರೆ ಆ ಮೀಟರ್‌ಗೆ ಅದು ಕಾಣುವುದೇ ಇಲ್ಲ. ಅದೇ ಕನೆಕ್ಷನ್‌ನಲ್ಲಿ 10 ಆಂಪಿಯರ್ ಹರಿಯುತ್ತಿರುವಾಗ ಅದರ ಎರಡು ಬದಿಗೆ ವೋಲ್ಟ್ ರೇಂಜ್‌ನಲ್ಲಿ ಪ್ರೋಬ್ ಮುಟ್ಟಿಸಿದರೆ 0.5 ವೋಲ್ಟ್ ಸ್ಪಷ್ಟವಾಗಿ ಕಾಣುತ್ತದೆ. ವೋಲ್ಟ್ ಅಳೆಯುವಾಗ ಪ್ರೋಬ್‌ನಲ್ಲಿ ಹರಿಯುವ ಕರೆಂಟ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹಾಗಾಗಿ ಪ್ರೋಬ್‌ನ ರೆಸಿಸ್ಟೆನ್ಸ್ ಅಡ್ಡ ಬರುವುದಿಲ್ಲ. 0.5 ÷ 10 = 0.05 ಓಮ್. ಪವರ್ 0.5 × 10 = 5 ವ್ಯಾಟ್.

5 ವ್ಯಾಟ್ ಏನು ಮಹಾ ಎನಿಸಬಹುದು. ಆದರೆ ಅದು ಒಂದು ಸ್ಕ್ರೂ ತಲೆಯಷ್ಟು ಜಾಗದಲ್ಲಿ, ಪ್ಲಾಸ್ಟಿಕ್‌ಗೆ ಅಂಟಿಕೊಂಡು, ಗಂಟೆಗಟ್ಟಲೆ ಹುಟ್ಟುವ ಶಾಖ. ಬಿಸಿಯಾದ ಲೋಹದ ಮೇಲ್ಮೈ ಆಕ್ಸಿಡೀಕರಣಗೊಂಡು ರೆಸಿಸ್ಟೆನ್ಸ್ ಇನ್ನೂ ಏರುತ್ತದೆ, ಶಾಖವೂ ಏರುತ್ತದೆ. ಪ್ಲಗ್ ಕರಗುವುದು, ಬೋರ್ಡ್ ಕಪ್ಪಾಗುವುದು ಹೀಗೆಯೇ.

ವೈರ್‌ಗೂ ಇದೇ ಲೆಕ್ಕ. 1.5 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಮೀಟರ್ ಉದ್ದಕ್ಕೆ ಸುಮಾರು 0.0115 ಓಮ್. ಬ್ಯಾಟರಿಯಿಂದ 5 ಮೀಟರ್ ದೂರದಲ್ಲಿರುವ ಲೋಡ್‌ಗೆ ಹೋಗಿ ಬರುವ ದಾರಿ ಸೇರಿ 10 ಮೀಟರ್ ತಂತಿ. ಒಂದೇ ದಾರಿ ಲೆಕ್ಕ ಹಾಕಿ ಬಿಡುವವರು ಬಹಳ ಜನ, ಎರಡನ್ನೂ ಹಿಡಿಯಿರಿ. ಒಟ್ಟು 0.115 ಓಮ್. 12 ವೋಲ್ಟ್ ಬ್ಯಾಟರಿಯಿಂದ 10 ಆಂಪಿಯರ್ ಹರಿದರೆ ತಂತಿಯಲ್ಲೇ 10 × 0.115 = 1.15 ವೋಲ್ಟ್ ಹೋಗುತ್ತದೆ. ಲೋಡ್‌ಗೆ ಉಳಿಯುವುದು 10.85 ವೋಲ್ಟ್. ತಂತಿಯಲ್ಲಿ ಪೋಲಾಗುವ ಪವರ್ 10 × 10 × 0.115 = 11.5 ವ್ಯಾಟ್. ಬ್ಯಾಟರಿ ಕೊಟ್ಟ 120 ವ್ಯಾಟ್‌ನಲ್ಲಿ ಹತ್ತಿರಹತ್ತಿರ ಹತ್ತರಲ್ಲೊಂದು ಪಾಲು.

ಅದೇ 120 ವ್ಯಾಟನ್ನು ಅದೇ ತಂತಿಯಲ್ಲಿ 230 ವೋಲ್ಟ್‌ನಲ್ಲಿ ಕಳಿಸಿದರೆ ಕರೆಂಟ್ 0.52 ಆಂಪಿಯರ್ ಸಾಕು. ಪೋಲಾಗುವುದು 0.52 × 0.52 × 0.115 = 0.03 ವ್ಯಾಟ್ ಮಾತ್ರ. ಕರೆಂಟ್ ಎರಡು ಸಲ ಗುಣಿಸಿದ ಸೂತ್ರದ ಶಕ್ತಿ ಇಲ್ಲಿ ಕಾಣುತ್ತದೆ. ವಿದ್ಯುತ್ತನ್ನು ದೂರಕ್ಕೆ ಸಾಗಿಸುವಾಗ ಲಕ್ಷಗಟ್ಟಲೆ ವೋಲ್ಟ್‌ಗೆ ಏರಿಸುವುದೂ, ಕಡಿಮೆ ವೋಲ್ಟ್ ಸೋಲಾರ್ ಮತ್ತು ಬ್ಯಾಟರಿ ಕೆಲಸಗಳಲ್ಲಿ ದಪ್ಪ ಕೇಬಲ್ ಹಾಕುವುದೂ ಇದೇ ಕಾರಣಕ್ಕೆ.

ಎರಡು ಮೀಟರ್ ಬಳಸುವಾಗ ಯಾವುದು ಎಲ್ಲಿ?

ವೋಲ್ಟ್ ಮೀಟರ್, ಆಂಪಿಯರ್ ಮೀಟರ್ ಎರಡನ್ನೂ ಒಟ್ಟಿಗೆ ಜೋಡಿಸುವಾಗ ಒಂದು ಆಯ್ಕೆ ಎದುರಾಗುತ್ತದೆ. ರೆಸಿಸ್ಟೆನ್ಸ್ ಕಡಿಮೆ ಇದ್ದರೆ ವೋಲ್ಟ್ ಮೀಟರ್ ಪ್ರೋಬ್‌ಗಳನ್ನು ಲೋಡ್‌ನ ತುದಿಗಳಿಗೇ ಹಾಕಿ. ಆಂಪಿಯರ್ ಮೀಟರನ್ನೂ ಒಳಗೆ ಸೇರಿಸಿ ಅಳೆದರೆ ಅದರ 0.1 ಓಮ್ ಕೂಡಿಕೊಂಡು, 0.5 ಓಮ್ ಇರುವುದು 0.6 ಎಂದು ಕಾಣುತ್ತದೆ. ರೆಸಿಸ್ಟೆನ್ಸ್ ತುಂಬಾ ಜಾಸ್ತಿ, ಅಂದರೆ ಮೆಗಾಓಮ್‌ಗಳಲ್ಲಿ ಇದ್ದರೆ ಉಲ್ಟಾ ಮಾಡಿ. ಸಾಮಾನ್ಯ ಡಿಜಿಟಲ್ ಮೀಟರ್‌ಗೆ ವೋಲ್ಟ್ ರೇಂಜ್‌ನಲ್ಲಿ 10 ಮೆಗಾಓಮ್ ರೆಸಿಸ್ಟೆನ್ಸ್ ಇರುತ್ತದೆ. 1 ಮೆಗಾಓಮ್ ಲೋಡ್‌ಗೆ ಅದನ್ನು ನೇರವಾಗಿ ಜೋಡಿಸಿದರೆ, ಆಂಪಿಯರ್ ಮೀಟರ್‌ನಲ್ಲಿ ವೋಲ್ಟ್ ಮೀಟರ್ ಎಳೆದುಕೊಳ್ಳುವ ಕರೆಂಟೂ ಸೇರಿ ಉತ್ತರ 0.91 ಮೆಗಾಓಮ್ ಬರುತ್ತದೆ. ಈ ಎರಡರ ನಡುವಿನ ಸಾಮಾನ್ಯ ಬೆಲೆಗಳಿಗೆ ಹೇಗೆ ಜೋಡಿಸಿದರೂ ನಡೆಯುತ್ತದೆ.

ಎಸಿ ಇದ್ದಾಗ

ಹೀಟರ್, ಫಿಲಮೆಂಟ್ ಬಲ್ಬ್‌ಗಳಿಗೆ ಎಸಿಯಲ್ಲೂ ಮೇಲಿನ ಲೆಕ್ಕಗಳೇ ಸಾಕು. 230 ವೋಲ್ಟ್ ಎಂಬುದು ಆರ್‌ಎಂಎಸ್ ಬೆಲೆ (ಅಷ್ಟೇ ಶಾಖ ಕೊಡುವ ಡಿಸಿ ವೋಲ್ಟೇಜ್‌ಗೆ ಸಮನಾದ ಬೆಲೆ), ಅಲೆಯ ತುದಿ 325 ವೋಲ್ಟ್‌ವರೆಗೂ ಹೋಗುತ್ತದೆ. ಪವರ್ ಲೆಕ್ಕಕ್ಕೆ ಆರ್‌ಎಂಎಸ್ ಬೆಲೆಯೇ ಬೇಕಾದ್ದು, ಮೀಟರ್ ತೋರಿಸುವುದೂ ಅದನ್ನೇ.

ಮೋಟರ್, ಫ್ಯಾನ್, ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಹಾಗಲ್ಲ. ಅವುಗಳಲ್ಲಿ ವೋಲ್ಟೇಜ್ ಏರುವ ಹೊತ್ತಿಗೇ ಕರೆಂಟ್ ಏರುವುದಿಲ್ಲ, ಸ್ವಲ್ಪ ಹಿಂದೆ ಬೀಳುತ್ತದೆ. 230 ವೋಲ್ಟ್‌ನಲ್ಲಿ 2 ಆಂಪಿಯರ್ ಎಳೆಯುವ ಮೋಟರ್‌ಗೆ ಗುಣಿಸಿ ಬರುವ 460ನ್ನು ವೋಲ್ಟ್ ಆಂಪಿಯರ್ ಎನ್ನುತ್ತಾರೆ, ವ್ಯಾಟ್ ಎನ್ನುವುದಿಲ್ಲ. ಅದನ್ನು ಪವರ್ ಫ್ಯಾಕ್ಟರ್‌ನಿಂದ, ಅಂದರೆ ಅದರಲ್ಲಿ ನಿಜವಾದ ಪವರ್ ಎಷ್ಟು ಪಾಲು ಎಂದು ಹೇಳುವ ಸಂಖ್ಯೆಯಿಂದ, ಗುಣಿಸಬೇಕು. ಪವರ್ ಫ್ಯಾಕ್ಟರ್ 0.7 ಇದ್ದರೆ ನಿಜವಾದ ಪವರ್ 322 ವ್ಯಾಟ್. ಹಾಗೆಯೇ 230ನ್ನು 2ರಿಂದ ಭಾಗಿಸಿದರೆ ಬರುವ 115 ಓಮ್ ಕೂಡ ವೈಂಡಿಂಗ್‌ನ (ಮೋಟರ್ ಒಳಗೆ ಸುತ್ತಿದ ತಂತಿಯ) ರೆಸಿಸ್ಟೆನ್ಸ್ ಅಲ್ಲ, ಅದು ಇಂಪಿಡೆನ್ಸ್, ಅಂದರೆ ಎಸಿ ಕರೆಂಟ್‌ಗೆ ಎದುರಾಗುವ ಒಟ್ಟು ತಡೆ. ಸಪ್ಲೈ ತೆಗೆದು ಮೀಟರ್‌ನಿಂದ ಅಳೆದರೆ ವೈಂಡಿಂಗ್ ಅದಕ್ಕಿಂತ ಕಡಿಮೆ ತೋರಿಸುತ್ತದೆ. ಅಷ್ಟಕ್ಕೇ ಮೋಟರ್ ಶಾರ್ಟ್ ಆಗಿದೆ ಎಂದು ತೀರ್ಮಾನಿಸಬೇಡಿ.

ಎಲ್‌ಇಡಿ ಬಲ್ಬ್, ಚಾರ್ಜರ್‌ಗಳು ಕರೆಂಟನ್ನು ತುಂಡು ತುಂಡಾಗಿ ಎಳೆದುಕೊಳ್ಳಬಹುದು. ಅಂಥ ಕರೆಂಟ್ ಅಳೆಯಲು ಟ್ರೂ ಆರ್‌ಎಂಎಸ್ ಎಂದು ಬರೆದಿರುವ ಮೀಟರೇ ಬೇಕು. ವ್ಯಾಟ್ ಬೇಕಿದ್ದರೆ ಪ್ಲಗ್‌ಗೆ ಸಿಕ್ಕಿಸುವ ಪವರ್ ಮೀಟರ್ ಬಳಸುವುದೇ ಸುಲಭ ಮತ್ತು ಸುರಕ್ಷಿತ.

ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್

ಕೊನೆಗೆ, ಇದೇ ಎರಡು ಅಳತೆಗಳಿಂದ ಬ್ಯಾಟರಿಯ ಆರೋಗ್ಯ ತಿಳಿಯುವ ವಿಧಾನ. ಲೋಡ್ ಇಲ್ಲದಾಗ ಒಂದು ಸೆಲ್ 1.52 ವೋಲ್ಟ್ ತೋರಿಸುತ್ತದೆ. ಸಣ್ಣ ಬಲ್ಬ್ ಜೋಡಿಸಿದಾಗ 0.40 ಆಂಪಿಯರ್ ಹರಿದು ವೋಲ್ಟೇಜ್ 1.32ಕ್ಕೆ ಇಳಿಯುತ್ತದೆ. ಇಳಿದ 0.20 ವೋಲ್ಟ್ ಎಲ್ಲಿ ಹೋಯಿತು? ಸೆಲ್‌ನ ಒಳಗೇ. ಅದನ್ನು ಕರೆಂಟ್‌ನಿಂದ ಭಾಗಿಸಿ: 0.20 ÷ 0.40 = 0.5 ಓಮ್. ಇದು ಸೆಲ್‌ನ ಒಳ ರೆಸಿಸ್ಟೆನ್ಸ್. ಬಲ್ಬ್‌ಗೆ ಸಿಕ್ಕ ಪವರ್ 1.32 × 0.40 = 0.528 ವ್ಯಾಟ್. ಸೆಲ್ ಒಳಗೆ ಶಾಖವಾಗಿ ಹೋದದ್ದು 0.20 × 0.40 = 0.08 ವ್ಯಾಟ್. ಕೂಡಿಸಿದರೆ 0.608, ಅದು 1.52 × 0.40ಕ್ಕೆ ಸರಿಯಾಗಿ ತಾಳೆಯಾಗುತ್ತದೆ.

ಸೆಲ್ ಹಳೆಯದಾದಂತೆ ಒಳ ರೆಸಿಸ್ಟೆನ್ಸ್ ಏರುತ್ತಾ ಹೋಗುತ್ತದೆ. ಅದಕ್ಕೇ ಮೀಟರ್‌ನಲ್ಲಿ 1.4 ವೋಲ್ಟ್ ತೋರಿಸುವ ಹಳೇ ಸೆಲ್, ಟಾರ್ಚ್‌ಗೆ ಹಾಕಿದರೆ ಉರಿಯುವುದೇ ಇಲ್ಲ. ಬರೀ ವೋಲ್ಟೇಜ್ ನೋಡಿ ಸೆಲ್ ಚೆನ್ನಾಗಿದೆ ಎನ್ನಬೇಡಿ, ಲೋಡ್ ಹಾಕಿಯೇ ನೋಡಿ.

ವಾಹನದ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಈ ಪರೀಕ್ಷೆಗೆ ಹೆಡ್‌ಲೈಟ್ ಲೋಡ್ ಸಾಕು. ಬೇರೆ ಯಾವ ಪ್ರಯೋಗವನ್ನೂ ಅದರ ಮೇಲೆ ಮಾಡಬೇಡಿ. ಅದರ ಒಳ ರೆಸಿಸ್ಟೆನ್ಸ್ 0.01 ಓಮ್‌ನ ಆಸುಪಾಸು ಅಥವಾ ಇನ್ನೂ ಕಡಿಮೆ. 12ನ್ನು 0.01ರಿಂದ ಭಾಗಿಸಿದರೆ 1200 ಆಂಪಿಯರ್. ಸ್ಪ್ಯಾನರ್ ಎರಡು ಟರ್ಮಿನಲ್‌ಗೂ ತಾಗಿದರೆ ಹರಿಯುವುದು ಹೆಚ್ಚುಕಡಿಮೆ ಅಷ್ಟು ಕರೆಂಟ್. ಹಾಗಾಗಿ ಮೀಟರ್ ಹಿಡಿಯುವ ಮುಂಚೆ ಉಂಗುರ, ಲೋಹದ ವಾಚ್ ಎರಡನ್ನೂ ತೆಗೆದಿಡಿ.